ಬರೀ ಸೋತ್ರೆ ಟೀಮ್ ಕಟ್ಟೋಕಾಗಲ್ಲ: ಫಿಲಡೆಲ್ಫಿಯಾ, ಒಕ್ಲಹೋಮಾ ಸಿಟಿ ಮತ್ತು ಎನ್‌ಬಿಎ ಡ್ರಾಫ್ಟ್

(ಒಂದು ಉಪನ್ಯಾಸದ ಬರಹ ರೂಪ. ಮಾತಾಡಿದ ಧಾಟಿಯನ್ನ ಆದಷ್ಟು ಹಾಗೇ ಇಟ್ಟಿದ್ದೀನಿ.)

ಎಲ್ರಿಗೂ ನಮಸ್ಕಾರ. ನೆಲಕಚ್ಚಿದ ಬಾಸ್ಕೆಟ್‌ಬಾಲ್ ಟೀಮನ್ನ ಡ್ರಾಫ್ಟ್ ಮೂಲಕ ಮತ್ತೆ ಎಬ್ಬಿಸೋದು ಹೇಗೆ ಅನ್ನೋದು ಇವತ್ತಿನ ವಿಷಯ. ಎನ್‌ಬಿಎ ಅನ್ನೋ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ 30 ಟೀಮ್ ಇದ್ದಾವೆ, ನಾನು ಮುಖ್ಯವಾಗಿ ಎರಡನ್ನೇ ತಗೋತೀನಿ, ಫಿಲಡೆಲ್ಫಿಯಾ ಸೆವೆಂಟಿ ಸಿಕ್ಸರ್ಸ್ ಮತ್ತೆ ಒಕ್ಲಹೋಮಾ ಸಿಟಿ ಥಂಡರ್. ಯಾಕಂದ್ರೆ ದೂರದಿಂದ ನೋಡಿದ್ರೆ ಎರಡೂ ಮಾಡಿದ್ದು ಒಂದೇ ಕೆಲಸ ಅನ್ಸತ್ತೆ, ಒಳ್ಳೆ ಆಟಗಾರರನ್ನ ಮಾರಿದ್ರು, ಪಿಕ್, ಅಂದ್ರೆ ಹೊಸ ಹುಡುಗ್ರನ್ನ ಆರಿಸೋ ಸರದಿಗಳನ್ನ, ಕೂಡಿಟ್ರು, ವರ್ಷಗಟ್ಲೆ ಸೋತ್ರು, ಚಿಕ್ಕ ಹುಡುಗ್ರನ್ನ ತಂದ್ರು. ಒಕ್ಲಹೋಮಾ 2025ರ ಜೂನ್ 22ಕ್ಕೆ, ಅಂದ್ರೆ ನಮ್ಮಲ್ಲಿ 23ರ ಬೆಳಿಗ್ಗೆ, ಫೈನಲ್‌ನ ಏಳನೇ ಮ್ಯಾಚ್‌ನಲ್ಲಿ ಇಂಡಿಯಾನಾನ 103-91ಕ್ಕೆ ಸೋಲಿಸಿ ಕಪ್ ಎತ್ತಿತು. ಫಿಲಡೆಲ್ಫಿಯಾ ಇಷ್ಟೆಲ್ಲ ಮಾಡಿನೂ ಆ ವರ್ಷದ ತನಕ ಪ್ಲೇಆಫ್‌ನಲ್ಲಿ, ಅಂದ್ರೆ ಸೀಸನ್ ಕೊನೆಗೆ ಕಪ್‌ಗೆ ನಡೆಯೋ ನಾಕೌಟ್ ಸರಣಿಗಳಲ್ಲಿ, ಒಂದ್ಸಲನೂ ಎರಡನೇ ರೌಂಡ್ ದಾಟ್ಲಿಲ್ಲ. ವ್ಯತ್ಯಾಸ ಎಲ್ಲಿ ಬಂತು ಅನ್ನೋದೇ ನನ್ನ ಮಾತು.

ಮೊದ್ಲು ಡ್ರಾಫ್ಟ್ ಅಂದ್ರೇನು ಅಂತ ಗೊತ್ತಿಲ್ದೆ ಇರೋರಿಗೆ ಎರಡು ಮಾತು. ನಮಗೆ ಐಪಿಎಲ್ ಹರಾಜು ಗೊತ್ತು, ಯಾರ ಪರ್ಸ್‌ನಲ್ಲಿ ದುಡ್ಡಿದ್ಯೋ ಅವ್ರು ಕೂಗ್ತಾರೆ, ಬೆಲೆ ಏರತ್ತೆ. ಡ್ರಾಫ್ಟ್‌ನಲ್ಲಿ ಕೂಗೋದೇ ಇಲ್ಲ. ಕಾಲೇಜಿಂದಲೋ ಬೇರೆ ದೇಶದಿಂದಲೋ ಬರೋ ಹೊಸ ಹುಡುಗ್ರನ್ನ ಟೀಮ್‌ಗಳು ಸರದಿ ಪ್ರಕಾರ ಆರಿಸ್ಕೋತಾವೆ, ಎರಡು ರೌಂಡ್, ಕಳೆದ ವರ್ಷ ಕೆಟ್ಟದಾಗಿ ಆಡಿದೋರಿಗೆ ಮೊದಲ ಸರದಿ. ಮೊದಲನೇ ರೌಂಡಲ್ಲಿ ಬಂದ ಹುಡುಗನ ಸಂಬಳ ಅವನ ನಂಬರ್ ಮೇಲೆ, ಅಂದ್ರೆ ಎಷ್ಟನೇ ಸರದಿಲಿ ಆರಿಸಿದ್ರು ಅನ್ನೋದ್ರ ಮೇಲೆ, ಮೊದ್ಲೇ ನಿಗದಿ, ನಾಲ್ಕು ವರ್ಷದ ತನಕ ಆ ಟೀಮ್ ಅವನನ್ನ ಕಡಿಮೆ ಸಂಬಳಕ್ಕೆ ಇಟ್ಕೋಬಹುದು. ಈ ಕೊನೇ ಪಾಯಿಂಟ್ ನೆನಪಿಟ್ಕೊಳ್ಳಿ, ಯಾಕಂದ್ರೆ ಒಟ್ಟು ಸಂಬಳಕ್ಕೆ ಮಿತಿ ಇರೋ ಲೀಗ್‌ನಲ್ಲಿ ಕಡಿಮೆ ಸಂಬಳದಲ್ಲಿ ಸ್ಟಾರ್ ಥರ ಆಡೋ ಹುಡುಗ ಇದ್ದಾನೆ ಅಂದ್ರೆ ಉಳಿದ ದುಡ್ಡಲ್ಲಿ ಬೇರೆಯೋರನ್ನ ತರಬಹುದು.

ಆದ್ರೆ ಎಲ್ಲರಿಗಿಂತ ಕೆಳಗೆ ಬಂದ ಟೀಮ್‌ಗೇ ಒಂದನೇ ನಂಬರ್ ಅಂತ ನೇರವಾಗಿ ಕೊಟ್ಬಿಟ್ರೆ ಎಲ್ರೂ ಬೇಕಂತ್ಲೇ ಸೋಲ್ತಾರಲ್ವಾ, ಅದಕ್ಕೇ 1985ರಿಂದ ಲಾಟರಿ ಬಂತು. ಇದನ್ನ ಸ್ವಲ್ಪ ಹತ್ತಿರದಿಂದ ನೋಡಿ, ಚೆನ್ನಾಗಿದೆ. ಟಿವಿಲಿ ಕವರ್ ಬಿಚ್ಚಿ ಟೀಮ್ ಲೋಗೋ ತೋರಿಸ್ತಾರಲ್ಲ, ಅಷ್ಟೊತ್ತಿಗೆ ಎಲ್ಲ ಮುಗಿದಿರತ್ತೆ. ನಿಜವಾದ ಡ್ರಾ ನಡಿಯೋದು ಬೇರೆ ಒಂದು ರೂಮಲ್ಲಿ, ಒಳಗೆ ಬಂದ ಟೀಮ್‌ನೋರ, ಪತ್ರಕರ್ತರ ಫೋನ್ ಎಲ್ಲ ಮೊದ್ಲೇ ಇಸ್ಕೊಂಡಿರ್ತಾರೆ. ಗಾಳಿ ಊದೋ ಮಷಿನ್, ಅದರೊಳಗೆ 1ರಿಂದ 14ರ ತನಕ ನಂಬರ್ ಬರೆದ ಪಿಂಗ್‌ಪಾಂಗ್ ಚೆಂಡು, ಒಂದೊಂದಾಗಿ ನಾಲ್ಕು ಚೆಂಡು ಮೇಲೆ ಬರ್ತಾವೆ. ಹದಿನಾಲ್ಕರಲ್ಲಿ ನಾಲ್ಕನ್ನ 1001 ಥರ ಎತ್ಬಹುದು, ಅದರಲ್ಲಿ ಒಂದನ್ನ ಬಿಟ್ಟು ಉಳಿದ 1000ನ ಪ್ಲೇಆಫ್‌ಗೆ ಹೋಗದ 14 ಟೀಮ್‌ಗೆ ಹಂಚಿರ್ತಾರೆ. ಮೊದ್ಲು ಕೊನೇ ಸ್ಥಾನದ ಟೀಮ್‌ಗೆ ಶೇಕಡಾ 25 ಚಾನ್ಸ್ ಇತ್ತು, 2019ರಿಂದ ಕೊನೇ ಮೂರು ಟೀಮ್‌ಗೂ ತಲಾ ಶೇಕಡಾ 14 ಅಷ್ಟೇ. ಕೊನೇ ಸ್ಥಾನದಲ್ಲಿದ್ರೂ ಐದನೇ ನಂಬರ್‌ಗೆ ಬೀಳೋ ಚಾನ್ಸ್ ಹೆಚ್ಚುಕಮ್ಮಿ ಅರ್ಧಕ್ಕರ್ಧ. ಡೆಟ್ರಾಯಿಟ್ 2023ರಲ್ಲೂ 2024ರಲ್ಲೂ ಲೀಗ್‌ಗೇ ಕೊನೆ ಬಂದು ಎರಡು ವರ್ಷನೂ ಐದನೇ ನಂಬರೇ ತಗೊಳ್ತು, 2025ರಲ್ಲಿ ಶೇಕಡಾ 1.8 ಚಾನ್ಸ್ ಇದ್ದ ಡಲ್ಲಾಸ್‌ಗೆ ಒಂದನೇ ನಂಬರ್ ಒಲೀತು, ಕೂಪರ್ ಫ್ಲ್ಯಾಗ್ ಹೋದ. ಸೋಲನ್ನೇ ನಂಬ್ಕೊಂಡು ಪ್ಲಾನ್ ಮಾಡಿದೋರ ಕಥೆ ಹೀಗೆ.

ಈಗ ಫಿಲಡೆಲ್ಫಿಯಾಗೆ ಬರೋಣ. 2013ರ ಮೇನಲ್ಲಿ ಸ್ಯಾಮ್ ಹಿಂಕಿ ಜನರಲ್ ಮ್ಯಾನೇಜರ್ ಆಗಿ ಬಂದ್ರು. ಅವ್ರ ತರ್ಕ ಸ್ಪಷ್ಟವಾಗಿತ್ತು, ಮಧ್ಯದಲ್ಲಿ ತೂಗಾಡ್ತಾ ವರ್ಷಕ್ಕೆ 35 ಮ್ಯಾಚ್ ಗೆಲ್ಲೋ ಟೀಮ್‌ಗೆ ಎಂದಿಗೂ ದೊಡ್ಡ ಆಟಗಾರ ಸಿಗಲ್ಲ, ಹಾಗಾಗಿ ಪೂರ್ತಿ ಕೆಳಗಿಳಿದು ಟಾಪ್ ಪಿಕ್‌ಗಳನ್ನ ಸಾಲಾಗಿ ತಗೋಬೇಕು. ಬಂದ ತಿಂಗಳೊಪ್ಪತ್ತಿಗೇ ಡ್ರಾಫ್ಟ್ ದಿನ ಜ್ರೂ ಹಾಲಿಡೇನ ನ್ಯೂ ಆರ್ಲಿಯನ್ಸ್‌ಗೆ ಕೊಟ್ಟು ಮೊಣಕಾಲು ಗಾಯದಲ್ಲಿದ್ದ ನರ್ಲೆನ್ಸ್ ನೋಯೆಲ್ ಜೊತೆಗೆ ಮುಂದಿನ ವರ್ಷದ ಒಂದು ಪಿಕ್ ತಗೊಂಡ್ರು. ಹಾಲಿಡೇಗೆ ಆಗ 23, ಆ ವರ್ಷ ಲೀಗ್‌ನ ಒಳ್ಳೊಳ್ಳೆ ಆಟಗಾರರು ಆಡೋ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆ ಆಗಿದ್ದ. ಆಮೇಲೆ 19 ಗೆಲುವು, 18 ಗೆಲುವು, 2015-16ರಲ್ಲಿ ಬರೀ 10 ಗೆಲುವು 72 ಸೋಲು, ಎರಡು ಸೀಸನ್ ಸೇರಿಸಿ ಸತತ 28 ಸೋಲು. 2014ರಲ್ಲಿ ಮೂರನೇ ನಂಬರ್‌ಗೆ ಜೋಯೆಲ್ ಎಂಬೀಡ್ ಬಂದ, ಪಾದದ ಮೂಳೆ ಮುರಿದು ಎರಡು ವರ್ಷ ಅಂಕಣಕ್ಕೇ ಇಳೀಲಿಲ್ಲ. 2015ರಲ್ಲಿ ಮತ್ತೆ ಮೂರನೇ ನಂಬರ್, ಜಲೀಲ್ ಓಕಾಫರ್, ಅವನೂ ಸೆಂಟರ್. ಮೂರು ವರ್ಷ ಮೂರು ಸೆಂಟರ್, ಮೂರು ಜನಾನೂ ಆಡೋದು ರಿಮ್, ಅಂದ್ರೆ ಬುಟ್ಟಿಯ ಬಳೆ, ಹತ್ರದ ಒಂದೇ ಜಾಗದಲ್ಲಿ. ಅವ್ರಿಗೆ ಬಾಲ್ ಸರಿಯಾದ ಟೈಮಿಗೆ ತಲುಪಿಸೋ ಪಳಗಿದ ಗಾರ್ಡ್ ಇಲ್ಲ, ಡ್ರೆಸಿಂಗ್ ರೂಮಲ್ಲಿ ದೊಡ್ಡೋರು ಅಂತ ಹೇಳ್ಕೊಳ್ಳೋಕೆ ಸರಿಯಾಗಿ ಯಾರೂ ಇಲ್ಲ. ಇಪ್ಪತ್ತು ವರ್ಷದ ಹುಡುಗ ದಿನಾ ರಾತ್ರಿ ಸೋತು ಮನೆಗೆ ಹೋಗ್ತಾ ಇದ್ರೆ ಅವನು ಕಲಿಯೋದು ಏನನ್ನ? ನನಗೆ ಫಿಲಡೆಲ್ಫಿಯಾ ಬಗ್ಗೆ ಇರೋ ದೊಡ್ಡ ತಕರಾರೇ ಇದು, ಪಿಕ್ ಎಣಿಸಿದ್ರು, ಆ ಪಿಕ್ ಅನ್ನೋದು ಒಬ್ಬ ಹುಡುಗ, ಅವನಿಗೆ ಕಲಿಯೋಕೆ ಜಾಗ ಬೇಕು ಅನ್ನೋದನ್ನ ಲೆಕ್ಕಕ್ಕೆ ತಗೊಳ್ಲಿಲ್ಲ.

ನ್ಯಾಯವಾಗಿ ಇನ್ನೊಂದು ಕಡೆನೂ ಹೇಳ್ಬೇಕು. ಹಿಂಕಿಗೆ ಪೂರ್ತಿ ಟೈಮ್ ಕೊಡ್ಲಿಲ್ಲ. 2016ರ ಏಪ್ರಿಲ್‌ನಲ್ಲಿ ಅವ್ರು 13 ಪುಟದ ಪತ್ರ ಬರೆದು ರಾಜೀನಾಮೆ ಕೊಟ್ರು, ಎರಡೇ ತಿಂಗಳಿಗೆ ಅವ್ರು ಕಾದಿದ್ದ ಒಂದನೇ ನಂಬರ್ ಬಂತು, ಬೆನ್ ಸಿಮನ್ಸ್. ಮುಂದಿನ ವರ್ಷ ಹೊಸ ಮ್ಯಾನೇಜ್‌ಮೆಂಟ್ ಬಾಸ್ಟನ್‌ಗೆ ತನ್ನ ಮೂರನೇ ನಂಬರ್ ಜೊತೆ ಇನ್ನೊಂದು ಪಿಕ್ ಕೊಟ್ಟು ಒಂದನೇ ನಂಬರ್‌ಗೆ ಹತ್ತಿ ಮಾರ್ಕೆಲ್ ಫುಲ್ಟ್ಸ್‌ನ ತಗೊಳ್ತು. ಭುಜದ ತೊಂದ್ರೆಯಿಂದ ಆ ಹುಡುಗನಿಗೆ ಶೂಟ್ ಮಾಡೋದೇ ಕಷ್ಟ ಆಗೋಯ್ತು, ಪಾಪ, ಎರಡು ವರ್ಷ ತುಂಬೋ ಮೊದ್ಲೇ ಅವನನ್ನ ಓರ್ಲ್ಯಾಂಡೋಗೆ ಕಳಿಸಿದ್ರು. ಬಾಸ್ಟನ್ ಆ ಮೂರನೇ ನಂಬರಲ್ಲಿ ತಗೊಂಡಿದ್ದು ಜೇಸನ್ ಟೇಟಮ್‌ನ, 2024ರಲ್ಲಿ ಕಪ್ ಗೆದ್ದ ಬಾಸ್ಟನ್‌ನಲ್ಲಿ ಅವನೂ ಇದ್ದ, ಜೊತೆಗೆ ಫಿಲಡೆಲ್ಫಿಯಾ 2013ರಲ್ಲಿ ಮಾರಿದ ಜ್ರೂ ಹಾಲಿಡೇನೂ ಇದ್ದ. ಎಂಬೀಡ್ ಮಾತ್ರ ಆ ಕಷ್ಟಕ್ಕೆಲ್ಲ ಫಲ ಕೊಟ್ಟ ಒಬ್ಬ ಆಟಗಾರ, 2023ರಲ್ಲಿ ಎಂವಿಪಿ, ಅಂದ್ರೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ, ಆದ, 2017-18ರಲ್ಲಿ ಟೀಮ್ 52 ಮ್ಯಾಚ್ ಗೆದ್ದಿತ್ತು. 2019ರಲ್ಲಿ ಟೊರಾಂಟೋ ಮೇಲೆ ಏಳನೇ ಮ್ಯಾಚ್‌ನ ಕೊನೇ ಶಾಟ್, ಟೊರಾಂಟೋದ ಕವಾಯ್ ಲೆನಾರ್ಡ್ ಮೂಲೆಯಿಂದ ಎಸೆದ ಬಾಲ್ ರಿಮ್ ಮೇಲೆ ನಾಲ್ಕು ಸಲ ಪುಟಿದು ಒಳಗೆ ಬಿತ್ತು, ಫಿಲಡೆಲ್ಫಿಯಾ ಸೋಲ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅನ್ನೋದು ಅದಕ್ಕೇ.

ಇಲ್ಲಿ ಒಂದು ಪಿಕ್‌ನ ಪ್ರಯಾಣ ಹೇಳ್ಲೇಬೇಕು, ಎರಡೂ ಊರನ್ನ ಅದು ಜೋಡಿಸತ್ತೆ. 2018ರಲ್ಲಿ ಫಿಲಡೆಲ್ಫಿಯಾ ಹತ್ತನೇ ನಂಬರ್‌ಗೆ ಮಿಕಾಲ್ ಬ್ರಿಡ್ಜಸ್‌ನ ತಗೊಳ್ತು, ಅದೇ ಕಡೆಯ ಹುಡುಗ, ಅವನ ತಾಯಿ ಟೀಮ್ ಮಾಲೀಕರ ಕಂಪನಿಯಲ್ಲೇ ಕೆಲಸ ಮಾಡ್ತಿದ್ರು. ಅದೇ ರಾತ್ರಿ ಅವನನ್ನ ಫೀನಿಕ್ಸ್‌ಗೆ ಕೊಟ್ಟು 16ನೇ ನಂಬರ್‌ನ ಝೈರ್ ಸ್ಮಿತ್ ಜೊತೆ ಮಿಯಾಮಿಯ 2021ರ ಪಿಕ್ ತಗೊಂಡ್ರು. ಆ ಪಿಕ್ ಮುಂದೆ ಟೋಬಿಯಸ್ ಹ್ಯಾರಿಸ್‌ನ ತರೋಕೆ ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ಟೀಮ್‌ಗೆ ಹೋಯ್ತು, ಕ್ಲಿಪ್ಪರ್ಸ್‌ನಿಂದ ಒಕ್ಲಹೋಮಾಗೆ ಹೋಯ್ತು. ಬ್ರಿಡ್ಜಸ್ 2021ರಲ್ಲಿ ಫೀನಿಕ್ಸ್ ಪರ ಫೈನಲ್ ಆಡಿದ. ಇನ್ನೊಂದು ವಿಷಯ, ಬ್ರಿಡ್ಜಸ್ ಹೆಸರು ಕರೆದ ಮೇಲೆ ಮುಂದಿನ ಹೆಸರು, 11ನೇ ನಂಬರ್, ಶೈ ಗಿಲ್ಜಸ್ ಅಲೆಕ್ಸಾಂಡರ್, ಮುಂದೆ ಒಕ್ಲಹೋಮಾದ ದೊಡ್ಡ ಸ್ಟಾರ್ ಆದೋನು.

ಒಕ್ಲಹೋಮಾ ಕಥೆ ಎರಡು ಸಲ ನಡೆದಿದೆ, ಎರಡು ಸಲನೂ ಜನರಲ್ ಮ್ಯಾನೇಜರ್ ಒಬ್ರೇ, ಸ್ಯಾಮ್ ಪ್ರೆಸ್ಟಿ, 2007ರಲ್ಲಿ ಟೀಮ್ ಇನ್ನೂ ಸಿಯಾಟಲ್‌ನಲ್ಲಿದ್ದಾಗ ಬಂದೋರು. ಮೊದಲನೇ ಸಲ ಡ್ರಾಫ್ಟ್‌ನಲ್ಲಿ ಅವ್ರು ಮಾಡಿದ್ದನ್ನ ನೋಡಿದ್ರೆ ಇವತ್ತಿಗೂ ಮೈ ಜುಮ್ಮನ್ನತ್ತೆ: 2007ರಲ್ಲಿ ಕೆವಿನ್ ಡುರಾಂಟ್, 2008ರಲ್ಲಿ ರಸೆಲ್ ವೆಸ್ಟ್‌ಬ್ರೂಕ್, 2009ರಲ್ಲಿ ಜೇಮ್ಸ್ ಹಾರ್ಡನ್. ಮೂರು ವರ್ಷ ಸಾಲಾಗಿ ತಗೊಂಡ ಮೂರು ಜನಾನೂ ಮುಂದೆ ಎಂವಿಪಿ ಆದ್ರು. 23 ಗೆಲುವಿಂದ ಮರುವರ್ಷ 50, 2012ರಲ್ಲಿ ಫೈನಲ್. ಆದ್ರೂ ಕಪ್ ಬರ್ಲಿಲ್ಲ! ಆ ಅಕ್ಟೋಬರ್‌ನಲ್ಲೇ ಸಂಬಳದ ಮಾತು ಕೂಡಿ ಬರ್ದೆ ಹಾರ್ಡನ್‌ನ ಹ್ಯೂಸ್ಟನ್‌ಗೆ ಕೊಟ್ರು, 2016ರಲ್ಲಿ ಡುರಾಂಟ್ ತಾನೇ ಗೋಲ್ಡನ್ ಸ್ಟೇಟ್‌ಗೆ ಹೋದ. ಡ್ರಾಫ್ಟ್‌ನಲ್ಲಿ ಗೆದ್ರೆ ಎಲ್ಲ ಗೆದ್ದಂಗೆ ಅಂತ ಯಾರಾದ್ರೂ ಹೇಳಿದ್ರೆ ಈ ಮೂರು ಹೆಸರು ಹೇಳಿ ಸಾಕು.

ಎರಡನೇ ಸಲ ಶುರುವಾಗಿದ್ದು 2019ರ ಜುಲೈನಲ್ಲಿ. ಒಕ್ಲಹೋಮಾದ ಸ್ಟಾರ್ ಪಾಲ್ ಜಾರ್ಜ್ ಕ್ಲಿಪ್ಪರ್ಸ್‌ಗೆ ಹೋಗ್ಬೇಕು ಅಂದ, ಕ್ಲಿಪ್ಪರ್ಸ್‌ಗೆ ಕವಾಯ್ ಲೆನಾರ್ಡ್ ಬರ್ಬೇಕಂದ್ರೆ ಜಾರ್ಜ್ ಬೇಕೇ ಬೇಕಿತ್ತು, ಆ ತರಾತುರಿ ಪ್ರೆಸ್ಟಿಗೆ ಗೊತ್ತಿತ್ತು, ಜಾರ್ಜ್ ಬದಲಿಗೆ ಅವ್ರು ಇಸ್ಕೊಂಡಿದ್ದು ಐದು ಫಸ್ಟ್ ರೌಂಡ್ ಪಿಕ್, ಎರಡು ಸಲ ಪಿಕ್ ಅದಲುಬದಲು ಮಾಡ್ಕೊಳ್ಳೋ ಹಕ್ಕು, ಡನೀಲೋ ಗಲಿನಾರಿ, ಜೊತೆಗೆ ಒಂದೇ ವರ್ಷ ಆಡಿದ್ದ ಶೈ. ಆ ದಿನ ಎಲ್ಲರ ಬಾಯಲ್ಲೂ ಪಿಕ್ ಲೆಕ್ಕ, ಆದ್ರೆ ಆ ಟ್ರೇಡ್‌ನ ನಿಜವಾದ ಬೆಲೆ ಆ ಹುಡುಗ ಆಗಿದ್ದ. ಅಂದ್ರೆ ಒಕ್ಲಹೋಮಾದ ಈಗಿನ ದೊಡ್ಡ ಸ್ಟಾರ್ ಅವ್ರು ತಾವೇ ಡ್ರಾಫ್ಟ್ ಮಾಡಿದೋನೇ ಅಲ್ಲ.

ಆಮೇಲೆ ಕೆಟ್ಟ ದಿನಗಳು ಬಂದ್ವು, 22 ಗೆಲುವು 50 ಸೋಲು, ಮರುವರ್ಷ 24 ಗೆಲುವು 58 ಸೋಲು. 2021ರ ಡಿಸೆಂಬರ್ 2ಕ್ಕೆ ಮೆಂಫಿಸ್‌ನಲ್ಲಿ 152-79, 73 ಪಾಯಿಂಟ್ ಸೋಲು, ಎನ್‌ಬಿಎ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರ ಇರ್ಲಿಲ್ಲ. ಆ ದಿನ ಶೈ ಇರ್ಲಿಲ್ಲ ನಿಜ, ಆದ್ರೆ ಮೆಂಫಿಸ್ ಕಡೆ ಜಾ ಮೊರಾಂಟ್‌ನೂ ಇರ್ಲಿಲ್ಲ. ನಂಗೆ ಮುಖ್ಯ ಅನ್ಸೋದು ಆ ಸ್ಕೋರ್ ಅಲ್ಲ, ಅದೇ ತಿಂಗಳು ಮತ್ತೆ ಮೆಂಫಿಸ್‌ಗೇ ಹೋಗಿ ಅದೇ ಟೀಮನ್ನ ಸೋಲಿಸಿ ಬಂದ್ರು ಅನ್ನೋದು. ಕೋಚ್ ಮಾರ್ಕ್ ಡೇಗ್ನಾಲ್ಟ್‌ನ ತೆಗೀಲಿಲ್ಲ, ಯಾರನ್ನೂ ಗಾಬರಿಯಲ್ಲಿ ಮಾರ್ಲಿಲ್ಲ.

ಈ ಡೇಗ್ನಾಲ್ಟ್ ಎಲ್ಲಿಂದ ಬಂದ್ರು ಅನ್ನೋದ್ರಲ್ಲೇ ಅರ್ಧ ಉತ್ತರ ಇದೆ. ಎನ್‌ಬಿಎ ಕೆಳಗೆ ಜಿ ಲೀಗ್ ಅಂತ ಇದೆ, ಒಕ್ಲಹೋಮಾ ಸಿಟಿ ಬ್ಲೂ ಅನ್ನೋ ಟೀಮ್ ಅದೇ ಊರಲ್ಲಿದೆ, ಇವ್ರು ಅದರ ಕೋಚ್ ಆಗಿದ್ದೋರು. ಹುಡುಗ್ರು ಅಲ್ಲಿ ಆಡ್ತಾರೆ, ಇಲ್ಲಿಗೆ ಬರ್ತಾರೆ, ಸರಿ ಹೋಗ್ಲಿಲ್ವಾ ಮತ್ತೆ ಅಲ್ಲಿಗೆ ಹೋಗಿ ಕೈ ಪಳಗಿಸ್ಕೊಂಡು ಬರ್ತಾರೆ. ಲೂ ಡೋರ್ಟ್‌ನ 2019ರ ಡ್ರಾಫ್ಟ್‌ನಲ್ಲಿ 60 ಹೆಸರಲ್ಲಿ ಒಂದ್ಸಲನೂ ಕರೀಲಿಲ್ಲ. ಬ್ಲೂಗೂ ಥಂಡರ್‌ಗೂ ಓಡಾಡೋ ಟೂ ವೇ ಕಾಂಟ್ರಾಕ್ಟ್‌ಗೆ ಬಂದ, ಮೊದಲ ವರ್ಷದ ಪ್ಲೇಆಫ್‌ನಲ್ಲೇ ಜೇಮ್ಸ್ ಹಾರ್ಡನ್‌ನ ಕಾಯೋ ಕೆಲಸ ಅವನಿಗೆ, ಏಳನೇ ಮ್ಯಾಚ್‌ನಲ್ಲಿ 30 ಪಾಯಿಂಟ್ ಹೊಡ್ದ. ಆರನ್ ವಿಗಿನ್ಸ್ 55ನೇ ನಂಬರ್. ನಮ್ಮ ದೇಶದ ಸತ್ನಾಮ್ ಸಿಂಗ್, ಡ್ರಾಫ್ಟ್ ಆದ ಮೊದಲ ಭಾರತೀಯ, 2015ರಲ್ಲಿ ಡಲ್ಲಾಸ್‌ಗೆ 52ನೇ ನಂಬರ್‌ಗೆ ಹೋದೋನು, ಒಂದೂ ಎನ್‌ಬಿಎ ಮ್ಯಾಚ್ ಆಡೋಕಾಗ್ಲಿಲ್ಲ, ಆ ಕಡೇ ನಂಬರ್‌ಗಳಿಂದ ಮೇಲೆ ಬರೋದು ಎಷ್ಟು ಕಷ್ಟ ಅಂತ ಇದ್ರಲ್ಲೇ ಗೊತ್ತಾಗತ್ತೆ. ಇನ್ನು ಐಸಾಯ ಜೋ, ಬರೀ ದೂರದಿಂದ ತ್ರೀ ಪಾಯಿಂಟ್ ಹೊಡೆಯೋದೇ ಅವನ ಕಸುಬು, 2022ರ ಅಕ್ಟೋಬರ್‌ನಲ್ಲಿ ಅವನನ್ನ ಬೇಡ ಅಂತ ಕೈಬಿಟ್ಟ ಟೀಮ್ ಯಾವ್ದು ಗೊತ್ತಾ? ಫಿಲಡೆಲ್ಫಿಯಾ. ಒಕ್ಲಹೋಮಾ ಕೂಡ್ಲೇ ಎತ್ಕೊಳ್ತು.

2022ರ ಡ್ರಾಫ್ಟ್ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡ್ತೀನಿ, ಕಪ್ ಬಂದಿದ್ದು ಅಲ್ಲಿಂದ. ಲೀಗ್‌ನಲ್ಲಿ ಕೆಳಗಿಂದ ನಾಲ್ಕನೇ ಸ್ಥಾನ, ಲಾಟರಿಯಲ್ಲಿ ಅದೃಷ್ಟ ಖುಲಾಯಿಸಿ ಎರಡನೇ ನಂಬರ್ ಬಂತು, ಚೆಟ್ ಹೋಮ್‌ಗ್ರೆನ್, ಏಳಡಿ ಎತ್ತರ, ಕಡ್ಡಿ ಥರ ಮೈ. ಆಗಸ್ಟ್‌ನಲ್ಲಿ ಸಿಯಾಟಲ್‌ನ ಒಂದು ಬೇಸಿಗೆ ಪಂದ್ಯದಲ್ಲಿ ಲೆಬ್ರಾನ್ ಜೇಮ್ಸ್‌ಗೆ ಅಡ್ಡ ನಿಲ್ಲೋಕೆ ಹೋಗಿ ಪಾದಕ್ಕೆ ಪೆಟ್ಟಾಗಿ ಇಡೀ ಸೀಸನ್ ಹೋಯ್ತು. ಇನ್ನೊಂದು, 12ನೇ ನಂಬರ್, ಕ್ಲಿಪ್ಪರ್ಸ್ ಕೊಟ್ಟಿದ್ದ ಪಿಕ್, ಅದರಲ್ಲಿ ಸಾಂಟಾ ಕ್ಲಾರಾ ಅನ್ನೋ ದೊಡ್ಡ ಹೆಸರಿಲ್ಲದ ಕಾಲೇಜಿನ ಜೇಲೆನ್ ವಿಲಿಯಮ್ಸ್ ಬಂದ. ಈ 12ನೇ ನಂಬರ್ ಹುಡುಗ ಮೂರನೇ ವರ್ಷಕ್ಕೆ ಆಲ್ ಎನ್‌ಬಿಎ ಟೀಮಲ್ಲಿ, ಅಂದ್ರೆ ಆ ವರ್ಷದ ಬೆಸ್ಟ್ ಆಟಗಾರರ ಪಟ್ಟಿಯಲ್ಲಿ, ಇದ್ದ, ಮಣಿಕಟ್ಟಿನ ಲಿಗಮೆಂಟ್ ಹರಿದಿದ್ರೂ ಅದೇ ಕೈಯಲ್ಲಿ ಆಡ್ತಾ ಫೈನಲ್‌ನ ಐದನೇ ಮ್ಯಾಚ್‌ನಲ್ಲಿ 40 ಪಾಯಿಂಟ್ ಹೊಡ್ದ, ಅಲ್ಲಿಂದ ಸರಣಿನೇ ತಿರುಗಿತು. ಚೆಟ್ ಏಳನೇ ಮ್ಯಾಚ್‌ನಲ್ಲಿ ಐದು ಬ್ಲಾಕ್ ಮಾಡಿದ, ಅಂದ್ರೆ ಎದುರಾಳಿಗಳ ಐದು ಶಾಟ್ ತಡೆದ. ನೋಡಿ, ಈ ಟೀಮ್‌ನ ಮುಖ್ಯ ಆಟಗಾರರಲ್ಲಿ ಒಂದನೇ ನಂಬರ್ ಪಿಕ್ ಅಂತ ಒಬ್ಬನೂ ಇಲ್ಲ. 11, 2, 12, 55, ಮತ್ತೆ ನಂಬರೇ ಇಲ್ಲದ ಡೋರ್ಟ್.

ಹುಡುಗ್ರನ್ನ ಬೆಳೆಸೋದು ಅಂದ್ರೆ ಎಲ್ರನ್ನೂ ಕೊನೇ ತನಕ ಇಟ್ಕೊಳ್ಳೋದು ಅಂತಲ್ಲ. 2021ರ ಆರನೇ ನಂಬರ್ ಜಾಷ್ ಗಿಡ್ಡಿ ಒಳ್ಳೆ ಪಾಸರ್, ಆದ್ರೆ 2024ರಲ್ಲಿ ಡಲ್ಲಾಸ್ ಮೇಲಿನ ಪ್ಲೇಆಫ್‌ನಲ್ಲಿ ಅವನನ್ನ ದೂರದಲ್ಲಿ ಖಾಲಿ ಬಿಟ್ಟು ಉಳಿದೋರ ಮೇಲೆ ಬಿದ್ರು, ಒಕ್ಲಹೋಮಾ ಸೋಲ್ತು. ಆ ಜೂನ್‌ನಲ್ಲೇ ಗಿಡ್ಡಿನ ಶಿಕಾಗೋಗೆ ಕೊಟ್ಟು ಅಲೆಕ್ಸ್ ಕರೂಸೋನ ತಂದ್ರು, ಮೂವತ್ತು ವಯಸ್ಸು, ಲೀಗ್‌ನಲ್ಲೇ ಒಳ್ಳೆ ಡಿಫೆಂಡರ್‌ಗಳಲ್ಲಿ ಒಬ್ಬ. ಐಸಾಯ ಹಾರ್ಟನ್‌ಸ್ಟೈನ್ ಅನ್ನೋ ಸೆಂಟರ್‌ನ ದುಡ್ಡು ಕೊಟ್ಟು ಕರೆಸಿದ್ರು, ಇದಕ್ಕೆ ದುಡ್ಡೆಲ್ಲಿಂದ ಬಂತು ಅಂದ್ರೆ ಚೆಟ್ ಮತ್ತೆ ಜೇಲೆನ್ ಇನ್ನೂ ರೂಕಿ ಸಂಬಳದಲ್ಲಿ, ಅಂದ್ರೆ ನಾನು ಮೊದ್ಲು ಹೇಳಿದ ಆ ನಾಲ್ಕು ವರ್ಷದ ಕಡಿಮೆ ಸಂಬಳದಲ್ಲಿ, ಇದ್ರು. ಆ ವರ್ಷ 68 ಗೆಲುವು, 14 ಸೋಲು.

ಮಾತು ಮುಗಿದ ಮೇಲೆ ಒಬ್ರು ಎದ್ದು ಕೇಳಿದ್ರು, ಸಾರ್ ಹಾಗಾದ್ರೆ ಬೇಕಂತ ಸೋಲೋದು ತಪ್ಪಲ್ವಾ, ಒಕ್ಲಹೋಮಾನೂ ಅದನ್ನೇ ಮಾಡಿದ್ದಲ್ವಾ ಅಂತ. ಹೌದು, ಮಾಡಿದ್ರು. 2021ರ ಮಾರ್ಚ್‌ನಲ್ಲಿ ಅಲ್ ಹೋರ್‌ಫರ್ಡ್ ಆರೋಗ್ಯವಾಗಿದ್ರೂ ಉಳಿದ ಸೀಸನ್ ಪೂರ್ತಿ ಆಡಿಸ್ಲಿಲ್ಲ. 2017ರಲ್ಲಿ ಲಾಟರಿ ನಿಯಮ ಬದಲಾಯಿಸೋ ವೋಟಿನಲ್ಲಿ ವಿರೋಧವಾಗಿ ವೋಟ್ ಹಾಕಿದ ಏಕೈಕ ಟೀಮೂ ಒಕ್ಲಹೋಮಾನೇ. ಟಿಕೆಟ್ ದುಡ್ಡು ಕೊಟ್ಟು ಮಕ್ಕಳನ್ನ ಕರ್ಕೊಂಡು ಬಂದೋರಿಗೆ ಆಡಬಲ್ಲ ಆಟಗಾರನ್ನ ಕೂರಿಸಿ ಮ್ಯಾಚ್ ತೋರ್ಸೋದು ತಪ್ಪು ಅಂತ್ಲೇ ನನ್ನ ಅಭಿಪ್ರಾಯ, ಕಪ್ ಗೆದ್ರು ಅಂತ ಆ ತಪ್ಪು ಸರಿಯಾಗಲ್ಲ. ಆದ್ರೆ ಕೆಳಗಿದ್ದಿದ್ದು ಎರಡೇ ಸೀಸನ್, ಆ ಎರಡು ವರ್ಷನೂ ಅಂಕಣದಲ್ಲಿದ್ದೋರಿಗೆ ನಿಜವಾದ ಆಟ ಕಲಿಸಿದ್ರು. ಡೆಟ್ರಾಯಿಟ್ ನೋಡಿ, 2021ರಲ್ಲೇ ಒಂದನೇ ನಂಬರ್ ಕೇಡ್ ಕನಿಂಗ್‌ಹ್ಯಾಮ್ ಸಿಕ್ಕಿದ್ದ, ಆದ್ರೂ 2023-24ರಲ್ಲಿ ಸತತ 28 ಸೋತು 14 ಮಾತ್ರ ಗೆದ್ರು. ಮರುವರ್ಷ ಹೊಸ ಕೋಚ್ ಬಂದ್ರು, ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ ಥರ ಅನುಭವ ಇರೋರನ್ನ ಸೇರಿಸ್ಕೊಂಡ್ರು, ಮುಖ್ಯ ಹುಡುಗ್ರು ಅವ್ರೇ, ಗೆಲುವು 44ಕ್ಕೆ ಏರ್ತು.

ಇನ್ನೊಬ್ರು ಮುಂದೇನು ಅಂತ ಕೇಳಿದ್ರು. 2025ರ ಜುಲೈನಲ್ಲಿ ಶೈ, ಚೆಟ್, ಜೇಲೆನ್ ಮೂವರಿಗೂ ದೊಡ್ಡ ಕಾಂಟ್ರಾಕ್ಟ್ ಆಯ್ತು, ಶೈಗೊಬ್ಬನಿಗೇ 4 ವರ್ಷಕ್ಕೆ 285 ಮಿಲಿಯನ್ ಡಾಲರ್. 2012ರಲ್ಲಿ ಹಾರ್ಡನ್ ವಿಷಯದಲ್ಲಿ ಕೈಬಿಟ್ಟ ಜಾಗದಲ್ಲಿ ಈ ಸಲ ಪ್ರೆಸ್ಟಿ ಮೂವರನ್ನೂ ಇಟ್ಕೊಂಡ್ರು. ಅಂದ್ಮೇಲೆ ಮುಂದೆ ಸುತ್ತಮುತ್ತ ಇರೋರಲ್ಲಿ ಕೆಲವರನ್ನ ಬಿಡ್ಲೇಬೇಕಾಗತ್ತೆ, ಆ ಜಾಗಕ್ಕೆ ಕಡಿಮೆ ಸಂಬಳದ ಹುಡುಗ್ರು ಸಿದ್ಧ ಇರ್ಬೇಕು. ಕಪ್ ಗೆದ್ದ ಮೂರನೇ ದಿನ ಡ್ರಾಫ್ಟ್ ಇತ್ತು, ಪಾಲ್ ಜಾರ್ಜ್ ಟ್ರೇಡ್‌ನಲ್ಲಿ ಬಂದಿದ್ದ ಇನ್ನೊಂದು ಪಿಕ್‌ನಲ್ಲಿ 15ನೇ ನಂಬರ್‌ಗೆ ಥಾಮಸ್ ಸೋರ್ಬರ್ ಅನ್ನೋ ಸೆಂಟರ್‌ನ ತಗೊಂಡ್ರು, ಮುಂದೆ ಹಾರ್ಟನ್‌ಸ್ಟೈನ್ ಜಾಗಕ್ಕೆ ಅಂತ ನನಗನ್ಸತ್ತೆ. ಸೆಪ್ಟೆಂಬರ್‌ನಲ್ಲಿ ಅವನ ಮೊಣಕಾಲಿನ ಲಿಗಮೆಂಟ್ ಹರಿದು ಮೊದಲ ಸೀಸನ್ ಪೂರ್ತಿ ಹೋಯ್ತು. 2022ರಲ್ಲಿ ಚೆಟ್‌ಗೆ ಹಾಗೇ ಆಗಿತ್ತು, 2024ರ 12ನೇ ನಂಬರ್ ನಿಕೋಲಾ ಟೋಪಿಚ್‌ಗೂ ಹಾಗೇ ಆಗಿತ್ತು. ಈ ಟೀಮ್‌ಗೆ ಸೋರ್ಬರ್ ಇವತ್ತೇ ಬೇಕು ಅಂತಿಲ್ಲ, ಅವನ ಕಾಲು ವಾಸಿ ಆಗೋ ತನಕ ಕಾಯೋಕೆ ಅವ್ರಿಗೆ ಟೈಮಿದೆ.